ಸೀಸರ್, ಬಿಜ್ಜಳ, ತುಘಲಕ್: ರಾಜಕೀಯ ಕೊಲೆಯ ನಾಟಕಗಳಲ್ಲಿ ನಿಮ್ಮ ತಂಡಕ್ಕೆ ಯಾವುದು ಸರಿ?

ತುಮಕೂರು ಜಿಲ್ಲೆಯಲ್ಲಿ ನಾಟಕ ಆಡುವವರಿಗೆ ಬರ ಇಲ್ಲ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಸಾಕು, ಕುಣಿಗಲ್‌ನಿಂದ ಪಾವಗಡದವರೆಗೆ ಯಾವುದಾದರೊಂದು ಊರಲ್ಲಿ ರಾತ್ರಿಯಿಡೀ ಹಾರ್ಮೋನಿಯಂ ಕೇಳಿಸುತ್ತಲೇ ಇರುತ್ತದೆ. ಆಡುವುದು ಹೆಚ್ಚಾಗಿ ಪೌರಾಣಿಕ. ಮೊದಲು ‘ಕುರುಕ್ಷೇತ್ರ’, ಉಳಿದದ್ದೆಲ್ಲ ಆಮೇಲೆ. ಆದರೆ ಕಾಲೇಜು ಹುಡುಗರು, ಕಚೇರಿ ನೌಕರರ ತಂಡದವರು, ಪೌರಾಣಿಕ ಆಡಿ ಆಡಿ ಈಗ ಬೇರೆ ಏನಾದರೂ ಮಾಡೋಣ ಅಂತ ಹೊರಟ ಹಳ್ಳಿಯವರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಚರಿತ್ರೆಯ ನಾಟಕ ಬೇಕು ಸಾರ್. ಒಳಸಂಚು, ರಾಜನ ಕೊಲೆ ಎಲ್ಲ ಇರಬೇಕು. ಯಾವುದು ಮಾಡೋಣ?"

ಹೋಲಿಸಿ ನೋಡುವುದಕ್ಕೆ ಇಲ್ಲಿ ಐದು ನಾಟಕ ಇಟ್ಟುಕೊಂಡಿದ್ದೇನೆ. ಷೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’, ಗಿರೀಶ ಕಾರ್ನಾಡರ ‘ತಲೆದಂಡ’ ಮತ್ತು ‘ತುಘಲಕ್’, ಆಲ್ಬರ್ಟ್ ಕಮೂನ ‘ಲೆ ಜೂಸ್ತ್’, ಟಿ.ಎಸ್. ಎಲಿಯಟ್‌ನ ‘ಮರ್ಡರ್ ಇನ್ ದ ಕೆಥೆಡ್ರಲ್’. ಇನ್ನು ಎರಡು ಮೂರರ ಬಗ್ಗೆ ಆಮೇಲೆ ಚಿಕ್ಕದಾಗಿ ಹೇಳುತ್ತೇನೆ.

ಆಯ್ಕೆ ಮಾಡುವಾಗ ತಂಡಗಳು ಮೊದಲು ನೋಡುವುದು ಚೂರಿ ಹಾಕುವ ದೃಶ್ಯವನ್ನು. ಅದು ಎರಡು ನಿಮಿಷದ ಕೆಲಸ. ಲೈಟು ಕೆಂಪು ಮಾಡಿ, ತಮಟೆ ಬಡಿದರೆ ಯಾವ ತಂಡಕ್ಕಾದರೂ ಬರುತ್ತದೆ. ನೀವು ನೋಡಬೇಕಾದದ್ದು ಕೊಲೆ ಆದ ಮೇಲಿನ ಹತ್ತು ನಿಮಿಷ. ರಾಜನನ್ನು ಕೊಂದವನು ಜನರ ಎದುರು ನಿಂತು ಕಾರಣ ಹೇಳಲೇಬೇಕು. ಆ ಕಾರಣವನ್ನು ಜನ ಒಪ್ಪುತ್ತಾರಾ, ಬೇರೆ ಯಾರೋ ಬಂದು ಅದನ್ನು ತಿರುಗಿಸುತ್ತಾರಾ, ಸತ್ತವನ ಹೆಸರನ್ನು ಯಾರು ಬಳಸಿಕೊಳ್ಳುತ್ತಾರೆ? ಈ ಐದೂ ನಾಟಕದ ಜೀವ ಇರುವುದು ಅಲ್ಲಿ. ಐದರಲ್ಲೂ ಆ ಹತ್ತು ನಿಮಿಷ ಬೇರೆ ಬೇರೆ ಥರ ಇದೆ. ಅದನ್ನು ಆಡುವ ಶಕ್ತಿ ನಿಮ್ಮ ತಂಡಕ್ಕೆ ಇದೆಯಾ ಅಂತ ನೋಡಿಕೊಂಡರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮೊದಲು ನಮ್ಮ ಜನರನ್ನು ನೋಡಿಕೊಳ್ಳೋಣ

ಗುಬ್ಬಿ ನಮ್ಮ ಜಿಲ್ಲೆಯದು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಶುರುವಾದದ್ದು ಅಲ್ಲಿಂದ. ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ದೊಡ್ಡ ನಾಟಕವನ್ನು ದೊಡ್ಡದಾಗಿ ನೋಡುವ ರುಚಿ ನಮ್ಮ ಕಡೆ ಇನ್ನೂ ಹೋಗಿಲ್ಲ. ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಕಂದ, ಸೀಸ ಪದ್ಯ ಕಲಿಸುತ್ತಾರೆ. ಪಾರ್ಟು ತೆಗೆದುಕೊಂಡವರು ಖರ್ಚಿಗೆ ದುಡ್ಡು ಹಾಕುತ್ತಾರೆ. ಕೃಷ್ಣ, ದುರ್ಯೋಧನನ ಪಾರ್ಟಿಗೆ ಜಾಸ್ತಿ, ಸೈನಿಕನಿಗೆ ಕಡಿಮೆ. ಸೀನ್ಸು, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಸ್ತ್ರೀ ಪಾತ್ರಕ್ಕೆ ಸಂಭಾವನೆ ಕೊಟ್ಟು ಕಲಾವಿದೆಯರನ್ನು ಕರೆಸುತ್ತಾರೆ.

ಇದರಿಂದ ನಮಗೆ ಸಿಕ್ಕಿರುವ ಬಲ ದೊಡ್ಡದು. ಮೈಕ್ ಕೆಟ್ಟರೂ ಹಿಂದಿನ ಸಾಲಿಗೆ ಕೇಳಿಸುವ ಕಂಠ ಇದೆ. ಮೂವತ್ತು ಜನ ಸೇರಿಸುವುದು ಕಷ್ಟ ಇಲ್ಲ. ಪ್ರೇಕ್ಷಕರು ಬೆಳಗಿನ ಜಾವದವರೆಗೆ ಕೂರುತ್ತಾರೆ, ಚೆನ್ನಾಗಿದ್ದರೆ ವನ್ಸ್ ಮೋರ್ ಅನ್ನುತ್ತಾರೆ. ಕೊರತೆಯೂ ಒಂದಿದೆ. ನಮ್ಮವರು ಎದುರಿಗಿರುವ ಜನರನ್ನು ನೋಡಿಕೊಂಡು ಮಾತಾಡುತ್ತಾರೆ, ಪಕ್ಕದಲ್ಲಿ ನಿಂತವನು ಏನು ಹೇಳಿದ ಅಂತ ಕೇಳಿಸಿಕೊಳ್ಳುವುದು ಕಡಿಮೆ. ಸಂಚಿನ ನಾಟಕದಲ್ಲಿ ಪಿಸುಮಾತು, ಅನುಮಾನದ ನೋಟ, ಇನ್ನೊಬ್ಬನ ಮಾತು ಕೇಳಿ ಬದಲಾಗುವ ಮುಖ, ಇವೆಲ್ಲ ಬೇಕೇ ಬೇಕು. ಈ ಬಲ ಮತ್ತು ಕೊರತೆ ಎರಡನ್ನೂ ಮನಸ್ಸಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

‘ಜೂಲಿಯಸ್ ಸೀಸರ್’: ಹಳ್ಳಿ ತಂಡಕ್ಕೂ ಆಗುತ್ತದೆ

ಷೇಕ್ಸ್‌ಪಿಯರ್ ಇದನ್ನು ಬರೆದದ್ದು 1599ರ ಸುಮಾರಿಗೆ. ಕಥೆ ನಡೆದದ್ದು ಕ್ರಿ.ಪೂ. 44ರ ಮಾರ್ಚ್ 15ರಂದು. ರೋಮ್‌ನ ಸೆನೆಟ್ ಸಭೆಯಲ್ಲಿ ಸೀಸರ್‌ನನ್ನು ಅವನ ಜೊತೆಯವರೇ ಸುತ್ತುವರಿದು ಇರಿದರು. ಸಂಚಿನಲ್ಲಿ 60ಕ್ಕೂ ಹೆಚ್ಚು ಜನ ಇದ್ದರು, ಮೈಮೇಲೆ 23 ಗಾಯ ಆಗಿದ್ದವು ಎಂದು ರೋಮನ್ ಲೇಖಕ ಸ್ವೆಟೋನಿಯಸ್ ಬರೆದಿದ್ದಾನೆ. ಶವ ನೋಡಿದ ವೈದ್ಯ, ಅಷ್ಟು ಗಾಯದಲ್ಲಿ ಜೀವ ತೆಗೆದದ್ದು ಒಂದೇ, ಎದೆಗೆ ಬಿದ್ದ ಎರಡನೆಯದು ಅಂದನಂತೆ. ನಿರ್ದೇಶಕರಿಗೆ ಇದು ಚಿನ್ನದಂಥ ವಿವರ. ಕೊಂದವರಲ್ಲಿ ಬಹಳ ಜನರ ಕೈ ನಡುಗುತ್ತಿತ್ತು, ತಾನೂ ಇರಿದೆ ಅನ್ನಿಸಿಕೊಳ್ಳುವುದಕ್ಕೇ ಕೆಲವರು ಚೂರಿ ತಾಗಿಸಿದರು ಎಂದು ಆಡಿಸಬಹುದು. ಆಗ ಆ ದೃಶ್ಯ ಬರೀ ಹೊಡೆದಾಟ ಆಗುವುದಿಲ್ಲ. ಇನ್ನೊಂದು ಸಂಗತಿ: ನಾಟಕದಲ್ಲಿ ಕೊಲೆ ರೋಮ್‌ನ ಕ್ಯಾಪಿಟಲ್ ಎಂಬ ಗುಡ್ಡದ ಮೇಲೆ ಆಗುತ್ತದೆ. ಚರಿತ್ರೆಯಲ್ಲಿ ಅದು ನಡೆದದ್ದು ಪಾಂಪೆ ಕಟ್ಟಿಸಿದ ರಂಗಮಂದಿರಕ್ಕೆ ಸೇರಿದ ಸಭಾಂಗಣದಲ್ಲಿ.

ಸೀಸರ್ ಸಾಯುವುದು ಮೂರನೇ ಅಂಕದ ಮೊದಲ ದೃಶ್ಯದಲ್ಲಿ, ಅಂದರೆ ನಾಟಕದ ಮಧ್ಯದಲ್ಲಿ. ನಮ್ಮ ಕಡೆ ತಕ್ಷಣ ಒಂದು ತೊಂದರೆ ಬರುತ್ತದೆ. ಜಾಸ್ತಿ ದುಡ್ಡು ಹಾಕಿದವನು ಹೆಸರಿನ ಪಾತ್ರವನ್ನೇ ಕೇಳುತ್ತಾನೆ. ಅರ್ಧ ನಾಟಕಕ್ಕೇ ಸತ್ತರೆ ಹೇಗೆ ಅಂತಾನೆ. ಅವರಿಗೆ ಮೊದಲೇ ತಿಳಿಸಿ ಹೇಳಿ. ಸೀಸರ್ ಮಾತು ಕಡಿಮೆ, ತೂಕ ಜಾಸ್ತಿ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಷೇಕ್ಸ್‌ಪಿಯರ್ ಪುಸ್ತಕವೊಂದು ಕೈದಿಗಳ ನಡುವೆ ಓಡಾಡುತ್ತಿತ್ತು. ನೆಲ್ಸನ್ ಮಂಡೇಲಾ 1977ರ ಡಿಸೆಂಬರ್ 16ರಂದು ಅದರಲ್ಲಿ ತಮ್ಮ ಸಹಿ ಹಾಕಿದ್ದು ಸೀಸರ್‌ನ ಮಾತಿನ ಪಕ್ಕ. ಹೇಡಿಗಳು ಸಾಯುವ ಮುಂಚೆ ಎಷ್ಟೋ ಸಲ ಸಾಯುತ್ತಾರೆ, ಧೀರನಿಗೆ ಸಾವು ಒಂದೇ ಸಲ ಎಂಬ ಮಾತು ಅದು. ಅಂಥ ಮಾತು ಹೇಳುವ ಪಾತ್ರ ಚಿಕ್ಕದು ಹೇಗಾಗುತ್ತದೆ?

ಇನ್ನು ಆ ಹತ್ತು ನಿಮಿಷ. ಕೊಂದವರ ಮುಂದಾಳು ಬ್ರೂಟಸ್ ಮೊದಲು ಬಂದು ಕಾರಣ ಹೇಳುತ್ತಾನೆ. ಅವನ ಮಾತು ಗದ್ಯದಲ್ಲಿದೆ. ಸ್ಪಷ್ಟ, ಲೆಕ್ಕಾಚಾರದ್ದು. ಜನ ಜೈ ಅನ್ನುತ್ತಾರೆ. ಆಮೇಲೆ ಸೀಸರ್‌ನ ಗೆಳೆಯ ಆಂಟನಿ ಬರುತ್ತಾನೆ. ಅವನ ಮಾತು ಪದ್ಯದಲ್ಲಿದೆ. ಅದೇ ಜನ ಸ್ವಲ್ಪ ಹೊತ್ತಿನಲ್ಲೇ ಮನೆಗಳಿಗೆ ಬೆಂಕಿ ಇಡೋಣ ಬನ್ನಿ ಅಂತ ಓಡುತ್ತಾರೆ. ಕಂದ ಪದ್ಯ ಹೇಳಿ ಪಳಗಿದ ನಮ್ಮ ನಟರಿಗೆ ಆಂಟನಿ ಹೇಳಿ ಮಾಡಿಸಿದ ಪಾರ್ಟು. ಲಯ ಅವರ ಮೈಯಲ್ಲೇ ಇದೆ. ಹಾರ್ಮೋನಿಯಂ ಮಾತ್ರ ಬೇಡ. ಅನುವಾದ ಆರಿಸುವಾಗ ಬೇರೆ ಪುಟ ತೆಗೆಯಬೇಡಿ, ಈ ಭಾಷಣವನ್ನೇ ಜೋರಾಗಿ ಓದಿ ನೋಡಿ. ಉಸಿರು ಕಟ್ಟದೆ ಹೇಳಲು ಬಂದರೆ ಆ ಅನುವಾದ ತೆಗೆದುಕೊಳ್ಳಿ.

ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಆಂಟನಿ ಸೀಸರ್‌ನ ಮೇಲಂಗಿ ಎತ್ತಿ ತೋರಿಸಿ, ಇಲ್ಲಿ ಕ್ಯಾಸಿಯಸ್ ಇರಿದ, ಇಲ್ಲಿ ಕ್ಯಾಸ್ಕಾ, ಇದು ಬ್ರೂಟಸ್‌ನದು ಅಂತ ಒಂದೊಂದು ತೂತನ್ನೂ ತೋರಿಸುತ್ತಾನೆ. ಬಹಳ ತಂಡಗಳು ಸುಮ್ನೆ ಒಂದು ಬಟ್ಟೆ ಬೀಸಿ ಮುಗಿಸಿಬಿಡುತ್ತವೆ. ಹಾಗೆ ಮಾಡಬೇಡಿ. ಎರಡು ಮೇಲಂಗಿ ಮಾಡಿಸಿ. ಒಂದು ಕೊಲೆಯ ದೃಶ್ಯಕ್ಕೆ, ಇನ್ನೊಂದು ಮೊದಲೇ ತೂತು ಮಾಡಿ, ಕೆಂಪು ಹಚ್ಚಿ ಒಣಗಿಸಿಟ್ಟದ್ದು. ಕೊಲೆಯ ದೃಶ್ಯದಲ್ಲಿ ಯಾರು ಎಲ್ಲಿ ಇರಿದರೋ ತೂತು ಅಲ್ಲೇ ಇರಬೇಕು. ಕ್ಯಾಸ್ಕಾ ಹಿಂದಿನಿಂದ ಕುತ್ತಿಗೆ ಹತ್ತಿರ ಇರಿದಿದ್ದರೆ ಆಂಟನಿಯ ಬೆರಳು ಹೋಗಬೇಕಾದದ್ದು ಹೊಟ್ಟೆಗಲ್ಲ. ಪ್ರೇಕ್ಷಕರು ಇದನ್ನು ಗಮನಿಸುತ್ತಾರೆ. ಜೊತೆಗೆ ಇನ್ನೊಂದು ಮಾತು ಹೊಳೆಯುತ್ತದೆ: ಇರಿಯುವಾಗ ಆಂಟನಿ ಅಲ್ಲಿ ಇರಲೇ ಇಲ್ಲ. ಯಾವ ತೂತು ಯಾರದು ಅಂತ ಅವನಿಗೆ ಹೇಗೆ ಗೊತ್ತು? ಅವನು ಆ ಕ್ಷಣದಲ್ಲಿ ಕಟ್ಟಿ ಹೇಳುತ್ತಿದ್ದಾನೆ, ಜನ ನಂಬುತ್ತಿದ್ದಾರೆ. ಆ ಒಂದು ತಿಳಿವಳಿಕೆ ನಟನಿಗೆ ಬಂದರೆ ಇಡೀ ಭಾಷಣ ಬೇರೆ ಥರ ಬರುತ್ತದೆ.

ಇದರ ಹಿಂದೆಯೇ ಬರುವ ಚಿಕ್ಕ ದೃಶ್ಯ ಕತ್ತರಿಸಬೇಡಿ. ಸಿನ್ನ ಎಂಬ ಕವಿಯೊಬ್ಬ ದಾರಿಯಲ್ಲಿ ಸಿಗುತ್ತಾನೆ. ಸಂಚುಗಾರರಲ್ಲಿ ಒಬ್ಬನ ಹೆಸರೂ ಸಿನ್ನ. ನಾನು ಅವನಲ್ಲ, ನಾನು ಕವಿ ಅಂತ ಬಡಕೊಂಡರೂ ಗುಂಪು ಅವನನ್ನು ಹರಿದು ಹಾಕುತ್ತದೆ. 1937ರಲ್ಲಿ ಆರ್ಸನ್ ವೆಲ್ಸ್ ನ್ಯೂಯಾರ್ಕ್‌ನಲ್ಲಿ ಈ ನಾಟಕವನ್ನು ಬರಿಯ ರಂಗದ ಮೇಲೆ, ಆ ಕಾಲದ ಮಾಮೂಲಿ ಉಡುಪಿನಲ್ಲಿ ಆಡಿಸಿದ. ಜನರನ್ನು ಹೆಚ್ಚು ಅಲುಗಾಡಿಸಿದ್ದು ಈ ದೃಶ್ಯ. ಅಂದರೆ ರೋಮ್‌ನ ಅರಮನೆ ಸೀನ್ಸು ಬಾಡಿಗೆಗೆ ಸಿಗಲಿಲ್ಲ ಅಂತ ಚಿಂತೆ ಬೇಡ. ಬಿಳಿ ಪಂಚೆ ಸಾಕು. ಸೈನಿಕರ ಎದೆಕವಚಕ್ಕೆ ನಮ್ಮ ಅಡಿಕೆ ಹಾಳೆ ಇದೆ. ನೆನೆಸಿ ಬಗ್ಗಿಸಿ, ಒಣಗಿದ ಮೇಲೆ ತಾಮ್ರದ ಬಣ್ಣ ಹೊಡೆದರೆ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆ ತೋಟ ಇರುವವರ ಹತ್ತಿರ ಕೇಳಿದರೆ ಬೇಕಾದಷ್ಟು ಸಿಗುತ್ತದೆ.

ಸೀಸರ್‌ನನ್ನು ಇವತ್ತಿನ ಯಾವುದೋ ನಾಯಕರ ಥರ ಕಾಣಿಸುವ ಆಸೆ ಬೇಡ. 2017ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನು ಹೋಲುವ ಸೀಸರ್ ಬಂದಾಗ ದೊಡ್ಡ ಗಲಾಟೆಯಾಗಿ ಕೆಲವು ಪ್ರಾಯೋಜಕರು ಹಿಂದೆ ಸರಿದರು. ಗಲಾಟೆಯ ಭಯಕ್ಕೆ ಈ ಮಾತು ಹೇಳುತ್ತಿಲ್ಲ. ಮುಖ ಒಬ್ಬರದ್ದೇ ಆಗಿಬಿಟ್ಟರೆ ಪ್ರೇಕ್ಷಕ ಬ್ರೂಟಸ್ ಮಾಡಿದ್ದು ಸರಿಯಾ ತಪ್ಪಾ ಅಂತ ಯೋಚಿಸುವುದನ್ನು ಬಿಟ್ಟು ತನ್ನ ಪಕ್ಷ ಯಾವುದು ಅಂತ ಯೋಚಿಸುತ್ತಾನೆ.

ಕೊರತೆಗಳು: ಸ್ತ್ರೀ ಪಾತ್ರ ಎರಡೇ, ಕಲ್ಪೂರ್ನಿಯ ಮತ್ತು ಪೋರ್ಷಿಯ. ಕೊನೆಯ ಎರಡು ಅಂಕ ಯುದ್ಧದ್ದು, ಎಳೆಯುತ್ತದೆ. ನಮ್ಮವರಿಗೆ ಯುದ್ಧ ಅಂದರೆ ಪ್ರಾಣ, ಇಲ್ಲೇ ಒಂದು ಗಂಟೆ ತೆಗೆದುಕೊಂಡುಬಿಡುತ್ತಾರೆ. ಅದನ್ನು ಮೊಟಕು ಮಾಡಿ, ಬ್ರೂಟಸ್ ಕ್ಯಾಸಿಯಸ್ ಡೇರೆಯೊಳಗೆ ಜಗಳ ಆಡುವ ದೃಶ್ಯ ಮಾತ್ರ ಪೂರ್ತಿ ಇಟ್ಟುಕೊಳ್ಳಿ. ಗುಂಪಿನಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿ. ಗುಂಪಿನ ಅರ್ಧ ಜನರನ್ನು ಪ್ರೇಕ್ಷಕರ ಮಧ್ಯೆ ಕೂರಿಸಿ. ಊರ ಮೈದಾನದಲ್ಲಿ ಆಡುವಾಗ ಇದರಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ.

‘ತಲೆದಂಡ’: ನಮ್ಮದೇ ನೆಲದ ಕೊಲೆ

12ನೇ ಶತಮಾನದ ಕಲ್ಯಾಣ, ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಕಲಚುರಿ ದೊರೆ ಬಿಜ್ಜಳ, ಅವನ ಭಂಡಾರಿ ಬಸವಣ್ಣ. ಶರಣರಾದ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ. ಸಮಗಾರರ ಮನೆಯ ಹುಡುಗ, ಬ್ರಾಹ್ಮಣರ ಮನೆಯ ಹುಡುಗಿ. ಊರು ಹೊತ್ತಿಕೊಳ್ಳುತ್ತದೆ. ಹರಳಯ್ಯ, ಮಧುವರಸರಿಗೆ ಕ್ರೂರ ಶಿಕ್ಷೆ ಆಗುತ್ತದೆ, ಬಿಜ್ಜಳನ ಕೊಲೆ ಆಗುತ್ತದೆ. ಕಾಲ 1167ರ ಆಸುಪಾಸು. ಕೊಂದದ್ದು ಹೇಗೆ ಎಂಬುದರಲ್ಲಿ ಹಳೆಯ ಕಥನಗಳೇ ಒಂದಾಗಿಲ್ಲ. ಶರಣರ ಪುರಾಣದಲ್ಲಿ ಜಗದೇವ ಮತ್ತು ಜೊತೆಗಾರರು ಇರಿದು ಕೊಂದರು ಎಂದಿದ್ದರೆ ಜೈನರ ಕಥನದಲ್ಲಿ ವಿಷದ ಮಾತು ಬರುತ್ತದೆ. ಕಾರ್ನಾಡರು ಹಿಡಿದದ್ದು ಜಗದೇವನ ಎಳೆಯನ್ನು.

ಈ ನಾಟಕ 1990ರಲ್ಲಿ ಬಂತು. ಅಯೋಧ್ಯೆಯ ಮಂದಿರ ಮತ್ತು ಮಂಡಲ್ ಮೀಸಲಾತಿಯ ಚಳವಳಿಗಳು ದೇಶವನ್ನು ಅಲ್ಲಾಡಿಸುತ್ತಿದ್ದ ಹೊತ್ತಿನಲ್ಲಿ ಬರೆದೆ ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಐದು ನಾಟಕಗಳಲ್ಲಿ ನನಗೆ ಬಹಳ ಹತ್ತಿರವಾದದ್ದು ಇದೇ. ಕಾರಣ ಜಗದೇವ. ನಾಟಕ ಶುರುವಾಗುವುದೇ ಅವನ ಮನೆಯಿಂದ. ತಂದೆ ಸಾಯುವ ಹಾಸಿಗೆಯಲ್ಲಿ ಮಗನ ಹೆಸರು ಹಿಡಿದು ಕೂಗುತ್ತಿದ್ದಾನೆ. ಮಗ ಅಲ್ಲಿಲ್ಲ, ಭಂಡಾರದ ಎದುರು ಶರಣರ ಗುಂಪಿನಲ್ಲಿದ್ದಾನೆ. ಮನೆಗೆ ಬರುವಾಗ ಸಮಗಾರರ ಹುಡುಗ ಮಲ್ಲಿಬೊಮ್ಮನನ್ನು ಕರೆದುಕೊಂಡು ಬಂದು ಅಗ್ರಹಾರದ ಮನೆಯೊಳಗೆ ಬಾ ಅಂತ ಒತ್ತಾಯ ಮಾಡುತ್ತಾನೆ. ಆ ಹುಡುಗನಿಗೆ ಮುಜುಗರ, ಇವನಿಗೆ ಹಟ. ಮುಂದೆ ದೊರೆಯನ್ನು ಕೊಲ್ಲುವುದು ಇದೇ ಹಟ ಬೆಳೆದು ದೊಡ್ಡದಾದ ಮೇಲೆ. ಕೊಲೆಗಾರ ಹೇಗೆ ತಯಾರಾಗುತ್ತಾನೆ ಅಂತ ಮೊದಲ ದೃಶ್ಯದಿಂದಲೇ ತೋರಿಸುವ ನಾಟಕ ಈ ಐದರಲ್ಲಿ ಇದೊಂದೇ. ಜಗದೇವನ ಪಾತ್ರಕ್ಕೆ ಕಾಲೇಜು ವಯಸ್ಸಿನ ಹುಡುಗನೇ ಬೇಕು. ನಲವತ್ತು ದಾಟಿದವರು ಮಾಡಿದರೆ ಅರ್ಥವೇ ಬದಲಾಗಿಬಿಡುತ್ತದೆ.

ಬಿಜ್ಜಳನೂ ಹಾಗೇ. ನಮ್ಮ ನಟರು ಅವನನ್ನು ಹಿರಣ್ಯಕಶಿಪು ಥರ ಮೀಸೆ ತಿರುವಿ ಅಬ್ಬರಿಸುತ್ತಾರೆ. ಕಾರ್ನಾಡರ ಬಿಜ್ಜಳ ಅಂಥವನಲ್ಲ. ತನ್ನ ವಂಶ ಕ್ಷೌರಿಕರದ್ದು, ಎಷ್ಟು ದಾನ ಮಾಡಿ ಕ್ಷತ್ರಿಯ ಅನ್ನಿಸಿಕೊಂಡರೂ ಜನ ಅದನ್ನು ಮರೆಯುವುದಿಲ್ಲ ಎಂಬ ನೋವು ಇರುವವನು. ಅದಕ್ಕೇ ಅವನಿಗೆ ಬಸವಣ್ಣನ ಮೇಲೆ ಅಷ್ಟು ಪ್ರೀತಿ. ಅವನನ್ನು ಮೊದಲು ಕೂಡಿಹಾಕುವವನು ಸ್ವಂತ ಮಗ ಸೋವಿದೇವ. ಹೀಗಾಗಿ ಬಿಜ್ಜಳ ಸತ್ತಾಗ ಪ್ರೇಕ್ಷಕನಿಗೆ ಸಂತೋಷ ಆಗಬಾರದು, ಹೊಟ್ಟೆ ತೊಳಸಬೇಕು. ಆ ಮೇಲಿನ ಹತ್ತು ನಿಮಿಷದಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಶರಣರ ಬೇಟೆ ಶುರುವಾಗುತ್ತದೆ, ಸೋವಿದೇವ ಪಟ್ಟಕ್ಕೆ ಏರುತ್ತಾನೆ. ಕೊಂದವರು ಬೇಕೆಂದದ್ದು ಒಂದೂ ಆಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದನ್ನು ಆಡುವುದು ಸುಲಭವೂ ಹೌದು, ಕಷ್ಟವೂ ಹೌದು. ಸಿದ್ಧಗಂಗೆಯ ನೆಲ ಇದು. ವಚನ ಬಾಯಿಪಾಠ ಇರುವ ಪ್ರೇಕ್ಷಕರು ಮುಂದೆ ಕೂತಿರುತ್ತಾರೆ. ಬಸವಣ್ಣ ಎಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಆದರೆ ಈ ನಾಟಕದ ಬಸವಣ್ಣ ಅನುಮಾನ ಪಡುವ ಮನುಷ್ಯ. ಮದುವೆಯ ಸುದ್ದಿ ಕೇಳಿದಾಗ ನಾವು ಇದಕ್ಕೆ ತಯಾರಿದ್ದೇವಾ ಅಂತ ಅವನಿಗೇ ಆತಂಕ ಆಗುತ್ತದೆ. ಪೂಜೆಯ ಫೋಟೋದಲ್ಲಿ ನೋಡಿದ ಬಸವಣ್ಣನನ್ನೇ ನಿರೀಕ್ಷಿಸಿ ಬಂದವರಿಗೆ ಇದು ಇರಿಸುಮುರಿಸು. ಊರ ಹಿರಿಯರನ್ನು ಕೂರಿಸಿಕೊಂಡು ನಾಟಕ ಪೂರ್ತಿ ಓದಿ ಹೇಳಿ, ಆಮೇಲೆ ತಾಲೀಮು ಶುರು ಮಾಡಿ. ಜಾತಿಯ ಬೈಗುಳ ಬರುವ ಮಾತುಗಳಿವೆ. ತಂಡದಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ, ಅವರಲ್ಲಿ ಆ ಮಾತು ಕೇಳಿಸಿಕೊಳ್ಳಬೇಕಾದ ಹುಡುಗರ ಜೊತೆ ಮೊದಲು ಮಾತಾಡಿ. ಈ ಕೆಲಸಕ್ಕೆ ಸಮಯ ಇಲ್ಲದ ತಂಡ ‘ತಲೆದಂಡ’ಕ್ಕೆ ಕೈ ಹಾಕಬಾರದು.

ಒಳ್ಳೆಯ ಸ್ತ್ರೀ ಪಾತ್ರಗಳು ಬೇಕೆನ್ನುವವರಿಗೆ ಇಲ್ಲಿ ರಾಣಿ ರಂಭಾವತಿ, ಬಸವಣ್ಣನ ಹೆಂಡತಿ ಗಂಗಾಂಬಿಕೆ, ಮದುವಣಗಿತ್ತಿ ಕಲಾವತಿ, ಎರಡೂ ಮನೆಯ ತಾಯಂದಿರು ಇದ್ದಾರೆ. ಎಲ್ಲರಿಗೂ ಹಿಡಿದು ಆಡುವಂಥ ಮಾತು ಇದೆ.

‘ತುಘಲಕ್’: ಒಬ್ಬ ನಟ ಇದ್ದರೆ ಮಾತ್ರ

1964ರ ನಾಟಕ. ಆಗ ಕಾರ್ನಾಡರಿಗೆ ಇನ್ನೂ 26 ವರ್ಷ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ 1327ರಲ್ಲಿ ರಾಜಧಾನಿಯನ್ನು ದೌಲತಾಬಾದ್‌ಗೆ ಸಾಗಿಸಿದ್ದು, ಆಮೇಲೆ ತಾಮ್ರದ ನಾಣ್ಯ ತಂದು ಕೈಸುಟ್ಟುಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ನಾಟಕದಲ್ಲಿ ಕೊಲೆಯ ಸಂಚು ಇದೆ, ಆದರೆ ಅದು ವಿಫಲ ಆಗುತ್ತದೆ. ಅಮೀರರು ನಮಾಜಿನ ಹೊತ್ತಿಗೆ ಸುಲ್ತಾನನನ್ನು ಮುಗಿಸಬೇಕು ಅಂತ ಕಾಯುತ್ತಾರೆ. ಸುಲ್ತಾನನಿಗೆ ಎಲ್ಲ ಮೊದಲೇ ಗೊತ್ತು. ಸಂಚಿನಲ್ಲಿದ್ದ ಶಹಾಬುದ್ದೀನನನ್ನು ತಾನೇ ಇರಿದು ಕೊಲ್ಲುತ್ತಾನೆ. ಕೊಂದು ಮೇಲೇಳುವಷ್ಟರಲ್ಲಿ ಅವನ ತಲೆಯಲ್ಲಿ ಹೊಸ ಸುದ್ದಿ ತಯಾರಾಗಿರುತ್ತದೆ: ಶಹಾಬುದ್ದೀನ್ ಸುಲ್ತಾನನನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ ಅಂತ ಊರಿಗೆ ಸಾರಿಸಿ! ಕೊಲೆಯನ್ನು ಅಧಿಕಾರ ಹೇಗೆ ಬರೆದಿಡುತ್ತದೆ ಎಂದು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ದೃಶ್ಯ ಕನ್ನಡದಲ್ಲಿ ನಾನು ಬೇರೆ ನೋಡಿಲ್ಲ.

ಹದಿಮೂರು ದೃಶ್ಯ, ಎಲ್ಲದರ ಭಾರವೂ ತುಘಲಕ್ ಮೇಲೆ. ಸಿ.ಆರ್. ಸಿಂಹ ಅವರು ಆ ಪಾತ್ರದಿಂದಲೇ ಮನೆಮಾತಾದರು. ಅಂಥ ಒಬ್ಬ ನಟ ನಿಮ್ಮಲ್ಲಿ ಇದ್ದರೆ ಎರಡನೇ ಯೋಚನೆ ಬೇಡ. ಇಲ್ಲದಿದ್ದರೆ ಅಜೀಜ್, ಆಜಮ್ ಎಂಬ ಇಬ್ಬರು ವಂಚಕರ ಹಾಸ್ಯಕ್ಕೆ ಜನ ನಕ್ಕು, ತುಘಲಕ್ ಬಂದಾಗ ಕಡಲೆಕಾಯಿ ತರಲು ಎದ್ದು ಹೋಗುತ್ತಾರೆ. ಇವತ್ತು ಇನ್ನೊಂದು ಎಚ್ಚರವೂ ಬೇಕು. ಇದನ್ನು ಮುಸಲ್ಮಾನ ದೊರೆಯ ಹುಚ್ಚಾಟ ಅಂತ ಆಡಿಸಿದರೆ ನಾಟಕ ಸತ್ತಂತೆ. ನೆಹರೂ ಕಾಲದ ಕನಸು ಮತ್ತು ನಿರಾಸೆಯನ್ನು ಇದರಲ್ಲಿ ಕಂಡವರು ಬಹಳ. ಒಳ್ಳೆಯದು ಮಾಡಬೇಕು ಅಂತ ಹೊರಟವನ ಕೈ ಹೇಗೆ ರಕ್ತವಾಗುತ್ತದೆ ಎಂಬುದೇ ಇದರ ತಿರುಳು.

ಕಮೂ ಮತ್ತು ಎಲಿಯಟ್: ಚಿಕ್ಕ ತಂಡಕ್ಕೆ ಒಂದು, ಹೆಣ್ಣುಮಕ್ಕಳ ತಂಡಕ್ಕೆ ಇನ್ನೊಂದು

‘ಲೆ ಜೂಸ್ತ್’ 1949ರಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ಬಂತು. 1905ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಇವಾನ್ ಕಲ್ಯಾಯೆವ್ ಎಂಬ ಕ್ರಾಂತಿಕಾರಿ ರಾಜಮನೆತನದ ಗ್ರ್ಯಾಂಡ್ ಡ್ಯೂಕ್ ಸೆರ್ಗೈಯನ್ನು ಬಾಂಬ್ ಎಸೆದು ಕೊಂದ. ಅದಕ್ಕೆ ಸ್ವಲ್ಪ ದಿನ ಮೊದಲು ಒಂದು ಅವಕಾಶ ಸಿಕ್ಕಿತ್ತು. ಸಾರೋಟಿನಲ್ಲಿ ಡ್ಯೂಕ್ ಜೊತೆ ಹೆಂಡತಿ, ತಮ್ಮನ ಇಬ್ಬರು ಮಕ್ಕಳು ಕೂತಿದ್ದರು. ಕಲ್ಯಾಯೆವ್ ಎತ್ತಿದ ಕೈ ಇಳಿಸಿಬಿಟ್ಟ. ಇಡೀ ನಾಟಕ ಅದರ ಸುತ್ತ: ಮಕ್ಕಳಿದ್ದರೂ ಎಸೆಯಬೇಕಿತ್ತಾ? ಅದೇ ಗುಂಪಿನ ಸ್ಟೆಪಾನ್ ಎಸೆಯಬೇಕಿತ್ತು ಅಂತಾನೆ, ಡೋರಾ ಬೇಡ ಅಂತಾಳೆ.

ಹತ್ತು ಹನ್ನೆರಡು ಜನ ಸಾಕು. ಒಂದು ಕೋಣೆ, ಒಂದು ಕಿಟಕಿ, ಒಂದು ಜೈಲು. ಕೊಲೆ ರಂಗದ ಮೇಲೆ ಕಾಣುವುದೇ ಇಲ್ಲ. ಡೋರಾ ಕಿಟಕಿ ಹತ್ತಿರ ನಿಂತು ಸಾರೋಟಿನ ಸದ್ದಿಗೆ ಕಿವಿ ಕೊಡುತ್ತಾಳೆ, ನಾವು ಅವಳ ಮುಖ ನೋಡುತ್ತೇವೆ. ನಮ್ಮ ಕಡೆಯ ಕೊರತೆ ಅಂದೆನಲ್ಲ, ಕೇಳಿಸಿಕೊಳ್ಳುವುದು, ಅದನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಜೈಲಿನಲ್ಲಿ ಫೋಕಾ ಎಂಬ ಕೈದಿ ಬರುತ್ತಾನೆ. ನೇಣು ಹಾಕುವ ಕೆಲಸ ಅವನದು, ಒಬ್ಬರನ್ನು ಹಾಕಿದರೆ ಅವನ ಶಿಕ್ಷೆಯಲ್ಲಿ ಒಂದು ವರ್ಷ ಕಡಿತ. ಚಿಕ್ಕ ಪಾರ್ಟು, ಒಳ್ಳೆಯ ನಟನಿಗೆ ಕೊಡಿ. ಊರ ಮೈದಾನಕ್ಕೆ ಈ ನಾಟಕ ಆಗುವುದಿಲ್ಲ, ಪಿಸುಮಾತು ಗಾಳಿಗೆ ಹೋಗುತ್ತದೆ. ಕಾಲೇಜಿನ ಚಿಕ್ಕ ಸಭಾಂಗಣ ಸರಿ.

ಎಲಿಯಟ್‌ನ ನಾಟಕ 1935ರದ್ದು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ದೊರೆ ಎರಡನೇ ಹೆನ್ರಿಯ ನಾಲ್ವರು ಸರದಾರರು 1170ರ ಡಿಸೆಂಬರ್ 29ರಂದು ಚರ್ಚಿನೊಳಗೇ ಕಡಿದರು. ಲೆಕ್ಕ ಹಾಕಿ ನೋಡಿ, ಕಲ್ಯಾಣದಲ್ಲಿ ಬಿಜ್ಜಳ ಸತ್ತ ಎರಡು ಮೂರು ವರ್ಷಕ್ಕೆ. ಎರಡು ಕಡೆಯೂ ರಾಜನಿಗೂ ಅವನಿಗೆ ಹತ್ತಿರವಾಗಿದ್ದ ಧರ್ಮನಿಷ್ಠನಿಗೂ ನಡುವೆ ಬಿರುಕು. ಅಲ್ಲಿ ಧರ್ಮದವನು ಸತ್ತ, ಇಲ್ಲಿ ರಾಜ ಸತ್ತ. ದುಡ್ಡೂ ಜನರೂ ಇರುವ ಸಂಘ ಯಾವುದಾದರೂ ಈ ಎರಡು ನಾಟಕವನ್ನು ಒಂದೇ ವಾರದಲ್ಲಿ ಹಿಂದೆಮುಂದೆ ಆಡಿದರೆ ಎಷ್ಟು ಚೆಂದ ಇರುತ್ತದೆ!

ಈ ನಾಟಕದ ಹತ್ತು ನಿಮಿಷ ವಿಚಿತ್ರ. ಮಧ್ಯದಲ್ಲಿ ಬೆಕೆಟ್ ಮಾಡುವ ಧರ್ಮೋಪದೇಶ ಬಿಟ್ಟರೆ ಅಲ್ಲಿಯವರೆಗೆ ಹೆಚ್ಚುಕಡಿಮೆ ಎಲ್ಲ ಪದ್ಯ. ಕೊಂದ ತಕ್ಷಣ ನಾಲ್ವರೂ ರಂಗದ ಅಂಚಿಗೆ ಬಂದು ಮಾಮೂಲಿ ಗದ್ಯದಲ್ಲಿ, ಸಭ್ಯರ ಥರ, ನಾವು ಮಾಡಿದ್ದು ದೇಶದ ಹಿತಕ್ಕೆ ಅಂತ ಪ್ರೇಕ್ಷಕರಿಗೇ ವಿವರಣೆ ಕೊಡುತ್ತಾರೆ. ಕೇಳುತ್ತಾ ಹೋದರೆ ಅರ್ಧ ಸರಿ ಅನ್ನಿಸಿಬಿಡುತ್ತದೆ, ಭಯ ಆಗುವುದು ಅದಕ್ಕೇ. ಕ್ಯಾಂಟರ್‌ಬರಿಯ ಬಡ ಹೆಂಗಸರ ಮೇಳ ನಾಟಕದುದ್ದಕ್ಕೂ ಇರುತ್ತದೆ. ಸೋಬಾನೆ, ಭಜನೆ ಹಾಡಿ ಒಟ್ಟಿಗೆ ದನಿ ಕೂಡಿಸಿ ಗೊತ್ತಿರುವ ಮಹಿಳಾ ಮಂಡಳಿಗೆ ಇದು ಒಪ್ಪುತ್ತದೆ. ಆದರೆ ಕಥೆಯಲ್ಲಿ ಓಟ ಕಡಿಮೆ, ಕ್ರೈಸ್ತ ಧರ್ಮದ ಹಿನ್ನೆಲೆ ಜಾಸ್ತಿ. ಮೊದಲ ಪ್ರಯತ್ನಕ್ಕೆ ಬೇಡ.

ಇನ್ನು ಉಳಿದವು. ಲಂಕೇಶರ ‘ಸಂಕ್ರಾಂತಿ’ (1971) ಬಿಜ್ಜಳ ಬಸವಣ್ಣರ ಕಾಲವನ್ನೇ ಇನ್ನೊಂದು ಮಗ್ಗುಲಿನಿಂದ ನೋಡುತ್ತದೆ. ‘ತಲೆದಂಡ’ ಓದುವವರು ಇದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ‘ಮ್ಯಾಕ್‌ಬೆತ್’ ರಾಜನ ಕೊಲೆಯ ನಾಟಕವೇ. ಕೋಲಾರದ ಕಡೆಯ, ಮುಳಬಾಗಿಲಿನ ಡಿ.ವಿ.ಜಿ.ಯವರ ಕನ್ನಡ ರೂಪ ಇದೆ. ಆದರೆ ಅದರಲ್ಲಿ ಕೊಲೆ ಒಬ್ಬನ ಮನಸ್ಸನ್ನು ತಿನ್ನುತ್ತಾ ಹೋಗುತ್ತದೆ, ಊರ ಜನ ಹಿಂದೆ ಉಳಿಯುತ್ತಾರೆ. ಕುವೆಂಪು ಅವರ ‘ರಕ್ತಾಕ್ಷಿ’ ‘ಹ್ಯಾಮ್ಲೆಟ್’ ಕಥೆಯನ್ನು ಬಿದನೂರಿಗೆ ತಂದದ್ದು. ಹಳೆಯ ಶೈಲಿಯ ಮಾತು ಚೆನ್ನಾಗಿ ಬರುವ ತಂಡಕ್ಕೆ ಸರಿ.

ಚೂರಿ, ರಕ್ತ, ಒಪ್ಪಿಗೆ

ನಿಜವಾದ ಚೂರಿ ರಂಗಕ್ಕೆ ಬರಲೇಬಾರದು. ಮೊಂಡು ಮಾಡಿದ್ದೇವೆ ಅಂತ ಹೇಳಿದರೂ ಬೇಡ. ಮರದ್ದು ಕೆತ್ತಿಸಿ ಬೆಳ್ಳಿ ಬಣ್ಣ ಹೊಡೆಸಿ. ಇರಿಯುವವನು ಮತ್ತು ಬೀಳುವವನು ಮೊದಲ ವಾರ ಬರಿಗೈಯಲ್ಲೇ ನಿಧಾನವಾಗಿ ಅಭ್ಯಾಸ ಮಾಡಬೇಕು. ‘ಸೀಸರ್’ನಲ್ಲಿ ಏಳೆಂಟು ಕೈ ಒಟ್ಟಿಗೆ ಬರುವುದರಿಂದ ಯಾರು ಮೊದಲು, ಯಾರು ಆಮೇಲೆ ಅಂತ ಸಂಖ್ಯೆ ಕೊಟ್ಟುಬಿಡಿ.

ರಕ್ತಕ್ಕೆ ಅರಿಶಿನ ಸುಣ್ಣದ ಓಕುಳಿ ನೀರು ಹಳೆಯ ಉಪಾಯ. ಬಣ್ಣ ಅದ್ಭುತವಾಗಿ ಬರುತ್ತದೆ. ಆದರೆ ತೆಳ್ಳಗಿರುತ್ತದೆ, ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಆದ್ದರಿಂದ ಬಟ್ಟೆಗೆ ಮೊದಲೇ ಹಚ್ಚಿ ಒಣಗಿಸಲು ಮಾತ್ರ ಅದನ್ನು ಬಳಸಿ. ಮೈಗೆ, ಕೈಗೆ ಸಕ್ಕರೆ ಪಾಕಕ್ಕೆ ಅಡುಗೆಯ ಕೆಂಪು ಬಣ್ಣ ಬೆರೆಸಿ ಹಚ್ಚಿ. ‘ಸೀಸರ್’ನಲ್ಲಿ ಕೊಂದವರೆಲ್ಲ ಬಗ್ಗಿ ರಕ್ತದಲ್ಲಿ ಮೊಣಕೈವರೆಗೆ ಕೈ ಅದ್ದುತ್ತಾರೆ. ಚಿಕ್ಕ ಬಟ್ಟಲಲ್ಲಿ ಪಾಕ ಇಟ್ಟು ಸೀಸರ್‌ನ ಹಿಂದೆ ಮರೆ ಮಾಡಿದರೆ ಸಾಕು. ಬಾಡಿಗೆ ಡ್ರೆಸ್ಸಿಗೆ ಯಾವುದನ್ನೂ ತಾಗಿಸಬೇಡಿ.

ಹಕ್ಕಿನ ವಿಷಯ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ವಾರಸುದಾರರದ್ದು. ಕಾರ್ನಾಡರು ತೀರಿಕೊಂಡದ್ದು 2019ರಲ್ಲಿ, ಲಂಕೇಶರು 2000ದಲ್ಲಿ, ಡಿ.ವಿ.ಜಿ. 1975ರಲ್ಲಿ. ಕಮೂ 1960ರಲ್ಲಿ, ಎಲಿಯಟ್ 1965ರಲ್ಲಿ. ಹಾಗಾಗಿ ಕಮೂನ ಫ್ರೆಂಚ್ ಮೂಲದ ಅವಧಿ 2020ರ ಕೊನೆಗೆ ಮುಗಿದಿದೆ, ಎಲಿಯಟ್‌ನದು 2025ರ ಕೊನೆಗೆ. ಷೇಕ್ಸ್‌ಪಿಯರ್ ಎಲ್ಲರ ಸೊತ್ತು. ಆದರೆ ಮೂಲಕ್ಕೆ ಹಕ್ಕು ಇಲ್ಲ ಅಂದರೂ ಕನ್ನಡ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ. ಇದ್ದರೂ ಪ್ರಕಾಶಕರಿಗೆ ಒಂದು ಪತ್ರ ಬರೆದು ಒಪ್ಪಿಗೆ ಕೇಳುವುದು ಮರ್ಯಾದೆ.

ಹಾಗಾದರೆ ಯಾವುದು?

ಹಳ್ಳಿಯ ಪೌರಾಣಿಕ ತಂಡ, ಮೈದಾನದ ನಾಟಕ, ಜನ ಜಾಸ್ತಿ ಇದ್ದರೆ ‘ಜೂಲಿಯಸ್ ಸೀಸರ್’. ಎರಡನೇ ಮಾತಿಲ್ಲ. ಐದಾರು ತಿಂಗಳು ಕೂತು ಓದಿ, ಜಗಳ ಆಡಿ, ಒಪ್ಪಿಕೊಂಡು ಕೆಲಸ ಮಾಡುವ ಮನಸ್ಸಿರುವ ತಂಡಕ್ಕೆ ‘ತಲೆದಂಡ’. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಕಡೆ ಆಡುವುದಾದರೆ ಅದನ್ನೇ ಆಡಿ, ಗುಂಪಿನ ದೃಶ್ಯಕ್ಕೂ ಇಬ್ಬರೇ ಇರುವ ದೃಶ್ಯಕ್ಕೂ ಅಂಥ ಜಾಗ ಒದಗುತ್ತದೆ. ಹತ್ತು ಜನ, ಕಡಿಮೆ ದುಡ್ಡು, ಕಾಲೇಜಿನ ಹುಡುಗ ಹುಡುಗಿಯರು ಅಂದರೆ ಕಮೂ. ‘ತುಘಲಕ್’ ನಟನನ್ನು ನೋಡಿ ತೀರ್ಮಾನ ಮಾಡಿ.

ತೀರ್ಮಾನ ಆದ ದಿನವೇ ಪಾರ್ಟು ಹಂಚಬೇಡಿ. ಎಲ್ಲರನ್ನೂ ಸುತ್ತ ಕೂರಿಸಿ, ಕೊಲೆಯ ಮುಂದಿನ ದೃಶ್ಯದಿಂದ ಓದು ಶುರು ಮಾಡಿ. ಪುಸ್ತಕ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲಿ. ಯಾರು ಓದುವಾಗ ಉಳಿದವರು ಚಹಾ ಲೋಟ ಕೆಳಗಿಟ್ಟು ಕೇಳಿದರೋ ಅವರ ಹೆಸರು ಬರೆದುಕೊಳ್ಳಿ. ನಿಮ್ಮ ಆಂಟನಿಯೋ ಜಗದೇವನೋ ಡೋರಾಳೋ ಆ ಪಟ್ಟಿಯಲ್ಲಿರುತ್ತಾರೆ.